ಎಲೆಮರಿಗಳು ಮತ್ತು ಅಪ್ಪನ ಹೆಬ್ಬೆರಳು

ಸೆಪ್ಟೆಂಬರ್ 16, 2008. ಝುವಾರಿನಗರ, ಗೋವಾ

ಇವತ್ತೂ ಅದೇ ಹಾಡು. ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ವಾಸ್ಕೋ. ಇಡೀ ದಿನ ಪರಮಣ್ಣ ಮಾಮನ ಟೀವಿ ರಿಪೇರಿ ಅಂಗಡಿಯ ಕೌಂಟರ್. ಸಂಜೆ ನಿಂತೇ ವಾಪಸ್. ಮನೆಗೆ ಬಂದರೆ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡು ಮತ್ತೆ ಮಂಚದ ಕೆಳಗೆ.

ಕಟ್ಟಡದ ಕೆಲಸದಲ್ಲಿ, ಸ್ಲ್ಯಾಬಿಗೆ ಆನಿಸುವ ಕಬ್ಬಿಣದ ಸೆಂಟ್ರಿಂಗ್ ಪ್ಲೇಟ್ ಅಪ್ಪನ ಬಲಗೈ ಮೇಲೆ ಬಿದ್ದಿದ್ದು ಮಳೆಗಾಲಕ್ಕೂ ಮುಂಚೆ. ಎಲುಬು ಕೂಡಿದೆ. ಹೆಬ್ಬೆರಳು ಮಾತ್ರ ಮಡಚುತ್ತಿಲ್ಲ. ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ — ದಸರೆ ಆದ ಮೇಲೆ ನೋಡುತ್ತೇನೆ, ಅಷ್ಟರಲ್ಲಿ ದಿನಾ ಮಡಚಿ ಸಡಿಲ ಮಾಡಿಕೊಳ್ಳದಿದ್ದರೆ ಅದು ಹಾಗೇ ಸೆಟೆದು ನಿಲ್ಲುತ್ತದೆ. ನಿಂತರೆ ಕೆಲಸ ಮುಗಿಯಿತು. ಸುತ್ತಿಗೆ ಹಿಡಿಯದ ಅಪ್ಪನನ್ನು ನನಗೆ ಯೋಚಿಸುವುದಕ್ಕೂ ಆಗುವುದಿಲ್ಲ.

ಅವ್ವ ಬೈದಳು, "ಚೆಂಡ ಒತ್ತರಿ ಅಂದ್ರ ಸಣ್ಣ ಹುಡುಗರಂಗ ಮಾರಿ ತಿರುವ್ತೀರಲ್ರಿ."

"ಆಟ ಆಡೂ ವಯಸ್ಸೇನ ಭಾಗವ್ವಾ ನಂದು?" ಎಂದ ಅಪ್ಪ. ಗೋಡೆಗೇ ಹೇಳಿದ.

ಸೆಪ್ಟೆಂಬರ್ 19

ಬರೆಯಲೇಬೇಕು! ಅಂಗಡಿಯ ಅಟ್ಟದಿಂದ ಒಂದು ಗೇಮ್ ಡಬ್ಬಿ ಇಳಿಯಿತು. ಟೀವಿಗೆ ಹಚ್ಚಿ ಆಡುವಂಥದ್ದು. ಯಾರೋ ರಿಪೇರಿಗೆ ಕೊಟ್ಟು ಮರೆತೇಬಿಟ್ಟಿದ್ದು. ಮಾಮ ಎರಡು ವೈರ್ ಬೆಸೆದ, ಒಳಗಿನ ಫ್ಯಾನ್ ಗರ್ರ್ ಎಂದಿತು.

"ಮನಿಗೆ ಒಯ್ದು ಹಚ್ಚಿ ನೋಡ ಅಂಬಿಕಾ. ಬಿಸಿ ಆಗಿ ಬಂದ್ ಬೀಳತೈತೋ ಏನೋ, ನಾಕ್ ದಿನ ಆಡಿ ಹೇಳು."

ಆಡಿ ಹೇಳು! ಇಂಥ ಕೆಲಸ ಯಾರಿಗುಂಟು!

ಒಳಗೆ ಒಂದೇ ಸಿಡಿ. ಹೆಸರು ಅಳಿಸಿಹೋಗಿದೆ, ಬರೀ 3 ಅಂತ ಕಾಣುತ್ತದೆ. ಮೂರನೇ ಭಾಗವಂತೆ. ಹಚ್ಚಿದೆ... ಅಬ್ಬಾ. ಕಾಡು. ಕತ್ತಿ ಹಿಡಿದ ಹುಡುಗ. ಮತ್ತೆ ಅವರು! ಮೊಣಕಾಲಿಗೂ ಬಾರದ ಕುಳ್ಳರು. ಮುಖದ ಜಾಗದಲ್ಲಿ ಒಂದು ಎಲೆ, ಕಣ್ಣಿಗೆ ಎರಡು ತೂತು. ಪೊಟರೆಯಲ್ಲಿ, ಕಲ್ಲಿನಡಿ, ಅಣಬೆಯ ಹಿಂದೆ ಅಡಗಿ ಕೂರುತ್ತಾರೆ. ಹಿಡಿದರೆ ಕಟಕಟ ನಗುತ್ತಾರೆ, ತಲೆ ಗರಗರ ತಿರುಗಿಸುತ್ತಾರೆ. ಕಾಡಿನ ಆತ್ಮಗಳಂತೆ. ಎಲ್ಲರನ್ನೂ ಹುಡುಕಿದರೆ ಒಣಗಿದ ಕಾಡು ಚಿಗುರುತ್ತದೆ. ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ನಾನಿಟ್ಟದ್ದು ಎಲೆಮರಿ.

ಅವ್ವ ಬಾಗಿಲಲ್ಲೇ ನಿಂತು, "ದೆವ್ವ ಗಿವ್ವ ಮನಿಯೊಳಗ ತರಬ್ಯಾಡ ನೋಡು!"

ಸೆಪ್ಟೆಂಬರ್ 21, ಮಧ್ಯಾಹ್ನ

ರಜೆ. ಆಡುತ್ತಿದ್ದೆ. ಒಂದು ಎಲೆಮರಿ ಸಿಗಲೇ ಇಲ್ಲ. ಹಳ್ಳದ ಸುತ್ತ ಸುತ್ತಿದ್ದೇ ಸುತ್ತಿದ್ದು. ಹಿಂದಿನಿಂದ ದನಿ —

"ಆ ಬಳ್ಳಿ ಅಲ್ಲಾಡಾಕತ್ತೈತಿ. ಗಾಳಿ ಇಲ್ಲ, ಯಾಕ ಅಲ್ಲಾಡತೈತಿ ಅದು?"

ಅಪ್ಪ! ಗೋಡೆ ಬಿಟ್ಟು ಈ ಕಡೆ ಹೊರಳಿದ್ದ! ಬಳ್ಳಿ ಎಳೆದೆ. ಎಲೆಮರಿ ದೊಪ್ಪೆಂದು ಬಿತ್ತು, ಕಟಕಟ ನಕ್ಕಿತು. ಅಪ್ಪನೂ ನಕ್ಕ. ಈ ಮಳೆಗಾಲದಲ್ಲಿ ಮೊದಲ ಸಲ. ನಾನು ಸುಮ್ಮನೆ ಪರದೆ ನೋಡುತ್ತಾ ಕೂತೆ. ತಿರುಗಿ ನೋಡಿದರೆ ನಗು ನಿಂತೀತು ಅಂತ ಭಯ.

ಸೆಪ್ಟೆಂಬರ್ 29

ಬರೆಯಲು ಪುರಸೊತ್ತೇ ಇಲ್ಲ. ಅಪ್ಪ ಆಡುತ್ತಿದ್ದಾನೆ!! ನಾನು ಅಂಗಡಿಗೆ ಹೋದ ಮೇಲೆ, ಕದ್ದು. ಅವ್ವ ಚಾಡಿ ಹೇಳಿದಳು — "ರೊಟ್ಟಿ ಆರಿ ಹೋದ್ರೂ ಏಳಂಗಿಲ್ಲ ನಿಮ್ಮಪ್ಪ. ಆ ಪಿಳ್ಳಿಗಳ ಕೂಡ ಮಾತಾಡತಾರ." ನಿಜ, ಇವತ್ತು ನಾನೇ ಕೇಳಿದೆ. "ಎಲ್ಲಿ ಅದೀಯೋ ಮಗನ, ಹೊರಗ ಬಾರೋ" ಅಂತ ಕಲ್ಲಿಗೆ ಹೇಳುತ್ತಿದ್ದ. ನನಗಿಂತ ಮುಂದೆ ಹೋಗಿದ್ದಾನೆ. ಹೊಟ್ಟೆಕಿಚ್ಚೂ ಆಗುತ್ತಿದೆ, ಕುಣಿಯೋಣ ಅಂತಲೂ ಅನಿಸುತ್ತಿದೆ.

ಅಕ್ಟೋಬರ್ 2

ಥತ್.

ರಜೆ ಇತ್ತು, ಪಕ್ಕದಲ್ಲೇ ಕೂತು ನೋಡಿದೆ. ರಿಮೋಟನ್ನು (ಆಟ ಆಡಿಸುವ ಗುಂಡಿಗಳ ಕಂಟ್ರೋಲರ್, ಅಪ್ಪ ಅದಕ್ಕೆ ಹಾಗೇ ಅನ್ನುವುದು) ತೊಡೆ ಮೇಲಿಟ್ಟುಕೊಂಡು, ತೋರುಬೆರಳಲ್ಲಿ ಕುಟ್ಟುತ್ತಾನೆ. ಹೆಬ್ಬೆರಳು ಪಕ್ಕಕ್ಕೆ ಕಡ್ಡಿಯಂತೆ ಚಾಚಿಕೊಂಡೇ ಇದೆ. ಇಷ್ಟು ದಿನ ಆಡಿದ್ದರಲ್ಲಿ ಒಂದು ಸಲವೂ ಅದು ಮಡಚಿಲ್ಲ!

"ಅಪ್ಪಾ, ಹೆಬ್ಬಟ್ಟಿಲೆ ಒತ್ತಬೇಕು."

"ನೋಯತೈತಿ."

"ನೋಯಲಾರದಂಗ ಹೆಂಗ ಸಡಿಲ ಆಗಬೇಕದು? ಡಾಕ್ಟರಿಗೆ ಏನ ಹೇಳ್ತಿ?"

ರಿಮೋಟ್ ಕೆಳಗಿಟ್ಟ. ಗೋಡೆಗೆ ಹೊರಳಿದ. ನನ್ನ ನಾಲಿಗೆಗೆ ಬೆಂಕಿ ಹಾಕ.

ಅಕ್ಟೋಬರ್ 6

ಮಾತು ಬಿಟ್ಟಿಲ್ಲ, ಆಟವನ್ನೂ ಬಿಟ್ಟಿಲ್ಲ. ತೋರುಬೆರಳನ್ನೂ ಬಿಟ್ಟಿಲ್ಲ. ಎಲೆಮರಿಗಳೆಲ್ಲಾ ಸಿಕ್ಕವು, ಇನ್ನೊಂದೇ ಬಾಕಿ! ಅದು ಕಾಡಿನ ನಡುವಿನ ಮರದೊಳಗೆ, ಬಾಗಿಲ ಹಿಂದೆ ಇದೆ. ಬಾಗಿಲಿಗೆ ಒಂದು ಬಂಗಾರದ ಎಲೆ ಬೇಕು. ಎಲ್ಲಿದೆಯೋ. ದಸರೆಯ ದಿನ ಇಬ್ಬರೂ ಕೂಡಿ ಮುಗಿಸುವುದು ಅಂತ ಮಾತಾಗಿದೆ. ಅಂಗಡಿಯಲ್ಲಿ ಗಿರಾಕಿಗೆ ಚಾರ್ಜರ್ ಬದಲು ಬ್ಯಾಟರಿ ಕೊಟ್ಟೆ. ಬೈಸಿಕೊಂಡೆ. ತಲೆ ಪೂರಾ ಕಾಡಿನಲ್ಲಿದೆ.

ಅಕ್ಟೋಬರ್ 9, ದಸರೆ. ಸಂಜೆ

ಈಗಲೇ ಬರೆದುಬಿಡುತ್ತೇನೆ.

ಬಿಜಾಪುರದ ಬಸ್ಸಿನಲ್ಲಿ ಯಾರೋ ಬನ್ನಿ ಸೊಪ್ಪು ತಂದಿದ್ದರು. ಬೆಳಿಗ್ಗೆಯಿಂದ ಓಣಿಯ ಜನ ಬರುವುದು, ಎಲೆ ಕೊಡುವುದು, "ಬಂಗಾರ ತಗೋರಿ, ಬಂಗಾರದಂಗ ಇರ್ರಿ" ಅನ್ನುವುದು. ಅವರು ಕೊಟ್ಟರೆ ನಾವೂ ಕೊಡಬೇಕಲ್ಲ. ಕೊಟ್ಟು ತಗೊಂಡು ಮನೆ ತುಂಬ ಎಲೆ. ಎಲ್ಲರೂ ಹೋದ ಮೇಲೆ ಟೀವಿ ಹಚ್ಚಿದೆವು.

ಅಪ್ಪ ಬೆಟ್ಟ ಹತ್ತಿದ. ತುದಿಯಲ್ಲಿ, ಹುಡುಕುವ ಲೆಕ್ಕಕ್ಕೆ ಸೇರದ ಒಂದು ಮುದಿ ಎಲೆಮರಿ. ಒಣಗಿದ ಎಲೆಮುಖ, ಊರುಗೋಲು. ನಡುಗುತ್ತಾ ಎದ್ದು ಬಂತು, ಎರಡೂ ಕೈಯಲ್ಲಿ ಚಾಚಿತು — ಬಂಗಾರದ ಎಲೆ! ನಾನು ಕಿರುಚಿದೆ. ಸಿಕ್ಕಿತು! ಅಪ್ಪ ಕುಟ್ಟಿದ, ಎಲೆ ಚೀಲಕ್ಕೆ ಬಂತು.

"ನಡಿ ಅಪ್ಪಾ, ಬಾಗಲಕ್ಕ ನಡಿ!"

ನಡೆಯಲಿಲ್ಲ. ಅಲ್ಲೇ ನಿಂತ.

"ಇದಕ್ಕ ನಾವ್ ಹೊಳ್ಳಿ ಏನ್ ಕೊಡೂದ ಅಂಬಿ?"

"ಏನೂ ಕೊಡೂದಿಲ್ಲ, ಆಟ ಇದು!"

"ಹಬ್ಬದ ದಿನ ಹಿರ್ಯಾ ಬಂಗಾರ ಕೊಟ್ಟಾನ. ತಗೊಂಡು ಹಂಗ ಹೋಗೂದೇನು?"

ಚೀಲ ತೆರೆದ. ಕೊಡಲು ಅಲ್ಲಿದ್ದ ಎಲೆ ಅದೊಂದೇ. ಆಟದಲ್ಲಿ ಏನಾದರೂ ಕೊಡಬೇಕೆಂದರೆ ತೋರುಬೆರಳಿನಿಂದ ಹಿಂದಿನ ಗುಂಡಿ ಅದುಮಿ ಹಿಡಿದು, ಅದೇ ಕೈಯ ಹೆಬ್ಬೆರಳಿನಿಂದ ಮೇಲಿನ ಗುಂಡಿ ಒತ್ತಿ, ಚಕ್ರ ತುಂಬುವವರೆಗೂ ಹಿಡಿಯಬೇಕು. ಇಷ್ಟು ದಿನ ಅಂಥದ್ದು ಬಂದರೆ ನನಗೆ ಬಿಡುತ್ತಿದ್ದ. ನಾನು ಕೊಡುವುದೇ ಇಲ್ಲ ಅಂದುಕೊಂಡೆ. ಅದು ಬಾಗಿಲ ಕೀಲಿ! ರಿಮೋಟಿಗೆ ಕೈ ಹಾಕಿದೆ.

"ಬಿಡ ಅಂಬಿ. ಬನ್ನಿ ಮಂದಿ ಕೈಲೆ ಕೊಡಸ್ತಾರೇನು? ನಾನ ನನ್ನ ಕೈಲೆ ಕೊಡಬೇಕು."

ತೊಡೆಯ ಮೇಲಿಂದ ರಿಮೋಟ್ ಎತ್ತಿದ. ಬಲಗೈಯಲ್ಲಿ ಹಿಡಿದ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟ. ಹಣೆಯಲ್ಲಿ ಬೆವರು. ಚಕ್ರ ಕಾಲುಭಾಗ ತುಂಬಿತು, ಜಾರಿತು. "ಹತ್ತೇರಿ!" ಎಂದ. ಮತ್ತೆ ಒತ್ತಿದ. ಅರ್ಧ. ಜಾರಿತು. ಅವ್ವ ಒಲೆ ಬಿಟ್ಟು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೂರನೇ ಸಲ ಹಲ್ಲು ಕಚ್ಚಿ ಅದುಮಿದ. ನಾನು ಪರದೆ ನೋಡಲೇ ಇಲ್ಲ. ಬೆರಳನ್ನೇ ನೋಡುತ್ತಿದ್ದೆ. ಗಂಟು ನಡುಗಿತು. ಒಂದಿಷ್ಟು ಬಾಗಿತು. ಇನ್ನೊಂದಿಷ್ಟು... ಮಡಚಿತು. ಮಡಚಿತು!

ಟೀವಿಯಲ್ಲಿ ಟಿಣ್ ಎಂದಿತು. ಮುದಿ ಎಲೆಮರಿ ಎಲೆ ತಗೊಂಡು, ತಲೆ ಬಾಗಿಸಿ, ಹೊಗೆಯಾಗಿ ಹೋಯಿತು. ಎಲೆಯೂ ಹೋಯಿತು. ಆಟ ತಾನೇ ಸೇವ್ ಮಾಡಿಕೊಂಡಿತು. ಬೆಟ್ಟದ ಮೇಲೆ ಯಾರೂ ಇಲ್ಲ. ಬಾಗಿಲು ಇನ್ನು ತೆರೆಯುವುದಿಲ್ಲ, ಕೊನೆಯ ಎಲೆಮರಿ ನಮಗೆ ಸಿಗುವುದಿಲ್ಲ.

ಅಪ್ಪನ ಮುಖ ಸಣ್ಣದಾಯಿತು. "ಹಾಳ ಮಾಡಿದ್ನೇನ ಅಂಬಿ?"

"ಹಾಳಾಗ್ಲಿ ಬಿಡಪ್ಪಾ! ನಿನ್ನ ಹೆಬ್ಬಟ್ಟ ನೋಡಕೋ!"

ನೋಡಿಕೊಂಡ. ಅದು ಇನ್ನೂ ಗುಂಡಿಯ ಮೇಲೆ ಬಾಗಿಯೇ ಇತ್ತು. ಅವ್ವ ಜೋರಾಗಿ ಅತ್ತಳು, ನಾನು ಮಂಚದ ಮೇಲೆ ಕುಣಿದೆ. ಪಕ್ಕದ ಮನೆಯ ಚಾಂದಿಬಾಯಿ ಏನಾಯಿತೋ ಅಂತ ಓಡಿ ಬಂದಳು.

ಅಕ್ಟೋಬರ್ 14, ಸಂಜೆ

ಆಸ್ಪತ್ರೆಗೆ ಹೋಗಿ ಬಂದೆವು. ಡಾಕ್ಟರಮ್ಮ ಬೆರಳು ಹಿಡಿದು ಆ ಕಡೆ ಈ ಕಡೆ ಬಾಗಿಸಿ ನೋಡಿದರು. ಸಡಿಲಾಗುತ್ತಿದೆ, ಇನ್ನು ನಿಲ್ಲಿಸಬೇಡಿ, ಪೂರಾ ಬರುತ್ತದೆ ಎಂದರು. ಪೂರಾ ಬರುತ್ತದೆ! ಅಷ್ಟು ದಿನ ಆಗದ್ದು ಈಗ ಹೇಗಾಯಿತು, ಏನು ಮಾಡಿದಿರಿ ಅಂತ ಕೇಳಿದರು.

"ಬನ್ನಿ ಕೊಟ್ಟೇನ್ರಿ," ಎಂದ ಅಪ್ಪ. ಅವರಿಗೆ ಏನು ತಿಳಿಯಿತೋ.

ಈಗ ಆಟ ಮೊದಲಿನಿಂದ ಶುರುವಾಗಿದೆ. ಹೆಬ್ಬೆರಳಿನಿಂದಲೇ. ನೋವಿಗೆ ಹಾ ಹೂ ಅನ್ನುತ್ತಾನೆ, ಬಿಡುವುದಿಲ್ಲ. ಇವತ್ತು ಅವ್ವನೂ ಹತ್ತಿರ ಬಂದು ಕೂತಿದ್ದಾಳೆ. "ಆ ಗಿಡದ ಹಿಂದ ಐತ್ರಿ, ನಿಮಗ ಕಣ್ಣ ಕಾಣಂಗಿಲ್ಲೇನು?" ಅಂತ ಕೂಗುತ್ತಾಳೆ. ಅಯ್ಯೋ, ರಿಮೋಟಿಗೇ ಕೈ ಹಾಕಿದಳು! "ಇಲ್ಲಿ ಕೊಡ್ರಿ ನಾ ಹಿಡೀತೇನಿ ಅದನ್ನ!" ಎರಡೂ ಕೈಯಲ್ಲಿ ಎಳೆಯುತ್ತಿದ್ದಾಳೆ. ಅಪ್ಪನದು ಒಂದೇ ಕೈ, ಬಲಗೈ. ಬಿಗಿಯಾಗಿ ಹಿಡಿದಿದ್ದಾನೆ, ಅವ್ವ ಜಗ್ಗುತ್ತಿದ್ದಾಳೆ, ಬಿಡುತ್ತಿಲ್ಲ, ಅವನು ಬಿಡುತ್ತಲೇ ಇಲ್ಲ!