ಭಾವ ಹಿಡಿದಿಟ್ಟುಕೊಂಡ ಮಾತು

ಅಕ್ಕಾ,

ಇವತ್ತು ಮಧ್ಯಾಹ್ನ ಭಾವ ಹೊಲಿಗೆ ಮಿಷನ್ ತುಳಿಯುತ್ತಲೇ, "ನಿಮ್ಮಕ್ಕ ಎಲ್ಲಿ ಪುಟ್ಟಿ?" ಎಂದರು. ಆ ಜ್ವರ ಅವರ ಮಿದುಳಿನ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವನ್ನು ಹಾಳುಮಾಡಿತಲ್ಲ, ಅಂದಿನಿಂದ ಹಳೆಯದೆಲ್ಲ ಅಚ್ಚೊತ್ತಿದಂತೆ ಉಳಿದಿದೆ, ಹೊಸದೊಂದೂ ಒಳಗಿಳಿಯುವುದಿಲ್ಲ. ಬಾಯಲ್ಲಿ ಹೇಳಿಕೊಳ್ಳುತ್ತಿರುವಷ್ಟು ಹೊತ್ತು ನೆನಪಿರುತ್ತದೆ, ಗಮನ ಕದಲಿದರೆ ಹೋಯಿತು ಎಂದು ಡಾಕ್ಟರು ನಿನಗೇ ಹೇಳಿದ್ದರು.

ನೀನು ತೀರಿಕೊಂಡದ್ದು ಅದಾದ ಮೇಲೆ. ದಿನವೂ "ಬರ್ತಾಳೆ ಭಾವ" ಎನ್ನುತ್ತಿದ್ದವಳು ಇವತ್ತು ಯಾಕೋ ನಿಜ ಹೇಳಿಬಿಟ್ಟೆ.

ಮಿಷನ್ ನಿಂತಿತು. "ನಂಗೆ ಮರೆತುಹೋಗತ್ತೆ ಅಲ್ವಾ? ಮಾತಾಡಿಸಬೇಡ ಪುಟ್ಟಿ. ಸ್ವಲ್ಪ ಹೊತ್ತಾದ್ರೂ ಅವಳಿಗೋಸ್ಕರ ಅಳಬೇಕು," ಎಂದರು. ಕಣ್ಣು ಮುಚ್ಚಿ, "ಅವಳಿಲ್ಲ, ಅವಳಿಲ್ಲ" ಎಂದು ಮೆಲ್ಲಗೆ ಹೇಳಿಕೊಳ್ಳುತ್ತ ಕುಳಿತರು. ನಾನು ಉಸಿರು ಬಿಗಿಹಿಡಿದು ನಿಂತೆ. ಕಿಟಕಿಯ ಪರದೆ ತೂಗುತ್ತಿತ್ತು. ನೆಲದ ಮೇಲೆ ಬಿಸಿಲು ನೀರಿನಂತೆ ಅಲುಗುತ್ತಿತ್ತು.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ಭಾವ ಕಣ್ಣು ತೆರೆದರು. ಕೆನ್ನೆ ಒದ್ದೆಯಾಗಿರುವುದನ್ನು ಮುಟ್ಟಿ ನೋಡಿ ಅಚ್ಚರಿಪಟ್ಟರು. "ಹೋಗಿ ಬಾಗಿಲು ತೆಗಿ. ನಿಮ್ಮಕ್ಕ ಬೀಗದಕೈ ಬಿಟ್ಟು ಹೋಗಿರ್ತಾಳೆ," ಎಂದು ನಕ್ಕರು.

ಚಿಲಕ ತೆಗೆಯುವ ತನಕ ನಾನೂ ನಂಬಿದ್ದೆ, ಅಕ್ಕಾ.