‘ಇನ್ನೊಮ್ಮೆ ಹೇಳಿ’ ಎಂದರೆ ಎರಡು ಅಂಕ ಕಡಿತ

ಇಂಗ್ಲಿಷ್ ತರಬೇತಿ ಕೇಂದ್ರದ ಮಾನ್ಯ ನಿರ್ದೇಶಕರೇ,

ನೀವು ನನ್ನ ತಂಗಿಗೆ ಇಂಗ್ಲಿಷ್ ಆಲಿಸುವುದನ್ನು ಕಲಿಸಲಿಲ್ಲ. ಗೋಣು ಆಡಿಸುವುದನ್ನು ಕಲಿಸಿದಿರಿ. ಅದರಲ್ಲಿ ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಈಗ ಕೆಲಸ ಕಳೆದುಕೊಳ್ಳುವುದರಲ್ಲಿದ್ದಾಳೆ.

ನಿಮ್ಮ ಆಲಿಸುವ ತರಗತಿಯನ್ನು ಕಿಟಕಿಯಾಚೆಯಿಂದ ಕಣ್ಣಾರೆ ಕಂಡಿದ್ದೇನೆ. ಬಾಗಿಲು ಭದ್ರ, ಫ್ಯಾನ್ ಬಂದ್. ಸ್ಪೀಕರಿನೊಳಗೆ ಒಬ್ಬ ಮಹನೀಯ, ಜನ್ಮದಲ್ಲಿ ಒಮ್ಮೆಯೂ ಕೆಮ್ಮದವನು, ಒಂದೊಂದೇ ಪದವನ್ನು ತೊಳೆದು ಒರೆಸಿ ಜೋಡಿಸಿಡುತ್ತಾನೆ. ಅರ್ಥವಾಗದವರು ಕೈ ಎತ್ತಿ ‘ಇನ್ನೊಮ್ಮೆ ಹೇಳಿ’ ಎಂದರೆ ಎರಡು ಅಂಕ ಕಡಿತ! ಸ್ವಾಮಿ, ಇಂಥ ಮನುಷ್ಯ ಯಾವ ಊರಲ್ಲಿ ಸಿಗುತ್ತಾನೆ? ವಿಳಾಸ ಕೊಟ್ಟರೆ ತಂಗಿಯನ್ನು ಅಲ್ಲೇ ಕೆಲಸಕ್ಕೆ ಸೇರಿಸುತ್ತೇನೆ.

ಸದ್ಯಕ್ಕೆ ಅವಳು ಸೇರಿರುವುದು ಹೋಟೆಲೊಂದರ ಸ್ವಾಗತದ ಮೇಜಿಗೆ. ಅಲ್ಲಿ ಬಾಗಿಲು ತೆರೆದೇ ಇರುತ್ತದೆ, ಗಿರಾಕಿಗಳಿಗೆ ನೆಗಡಿಯೂ ಇರುತ್ತದೆ. ಮೊನ್ನೆ ಪರದೇಶದ ಯಜಮಾನರೊಬ್ಬರು ಪೆಟ್ಟಿಗೆ ಎಳೆಯುತ್ತಲೇ, ಹೆಂಡತಿಗೆ ಆಪರೇಷನ್ ಆಗಿದೆ, ಲಿಫ್ಟಿನ ಸದ್ದು ಬಾರದ ಕೋಣೆ ಕೊಡಿ ಎಂದು ಇಂಗ್ಲಿಷಿನಲ್ಲಿ ಗೊಣಗಿದರಂತೆ. ಮಾತಿನ ಅರ್ಧ ಇವಳ ಕಿವಿಗೆ ಬಿತ್ತು, ಅರ್ಧ ಪೆಟ್ಟಿಗೆಯ ಚಕ್ರದಡಿ ಸಿಕ್ಕಿತು. ಕೋಲೆಬಸವನಂತೆ ತಲೆಯಾಡಿಸಿ, “ಎಸ್ ಸರ್” ಎಂದು, ಲಿಫ್ಟಿನ ಪಕ್ಕದ ಕೋಣೆಯನ್ನೇ ಕೊಟ್ಟಳು. ಬೆಳಿಗ್ಗೆ ಆ ಹೆಂಗಸು ನಿದ್ದೆಗೆಟ್ಟು, ಗೋಡೆ ಹಿಡಿದು ಕೆಳಗೆ ಬಂದರು. ಮ್ಯಾನೇಜರ್ ತಂಗಿಯನ್ನು ಕರೆಸಿದರು.

“ಅರ್ಥ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳೋಕೆ ಏನಮ್ಮಾ ಕಷ್ಟ?”

“ಕೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಸರ್.”

ಇಡೀ ಹೋಟೆಲು ನಕ್ಕಿತು. ತಂಗಿ ನಗಲಿಲ್ಲ. ಇನ್ನೊಂದು ದೂರು ಬಂದರೆ ಕೆಲಸ ಹೋದಂತೆಯೇ.

ಇದನ್ನೆಲ್ಲ ನಿಮ್ಮ ಕಚೇರಿಯಲ್ಲಿ ನಿಂತು ಹೇಳಿದೆ. ನೀವು ಸಹಿ ಹಾಕುತ್ತ “ಹೂಂ, ಹೂಂ” ಎಂದಿರಿ. ನಾನು ಮುಗಿಸಿದ ಮೇಲೆ ತಲೆಯೆತ್ತಿ, “ಅಂದ್ರೆ, ಸರ್ಟಿಫಿಕೇಟಲ್ಲಿ ಹೆಸರು ತಪ್ಪಾಗಿದೆ ಅಂತೀರಾ?” ಎಂದಿರಿ. ಆಹಾ! ನಿಮ್ಮ ಪಠ್ಯಕ್ರಮದ ಉಗಮಸ್ಥಾನದ ದರ್ಶನವಾಯಿತು.

ಈಗ ಪಾಠ ನಮ್ಮ ಅಡುಗೆಮನೆಯಲ್ಲಿ. ಮಿಕ್ಸಿ ತಿರುಗಿಸಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಾನು ಇಂಗ್ಲಿಷ್ ಗೊಣಗುತ್ತೇನೆ. ಮೊದಮೊದಲು, ಪಾಪ, ಅದಕ್ಕೂ ತಲೆಯಾಡಿಸಿದಳು. ನಿನ್ನೆ ಸೌಟು ಎತ್ತಿ, “ಒಂದಕ್ಷರ ತಿಳೀಲಿಲ್ಲ ಅಣ್ಣಾ, ನೆಟ್ಟಗೆ ಇನ್ನೊಂದ್ಸಲ ಹೇಳೋ!” ಎಂದು ಅಪ್ಪಟ ಇಂಗ್ಲಿಷಿನಲ್ಲೇ ಗದರಿದಳು. ನಿಮ್ಮ ಲೆಕ್ಕದಲ್ಲಿ ಎರಡು ಅಂಕ ಹೋಯಿತು. ನಮ್ಮ ಲೆಕ್ಕದಲ್ಲಿ ಕೆಲಸ ಉಳಿಯುವ ಆಸೆ ಬಂತು.

ಆದ್ದರಿಂದ ಆ ನಿಯಮವನ್ನು ತಲೆಕೆಳಗು ಮಾಡಿ: ‘ಇನ್ನೊಮ್ಮೆ ಹೇಳಿ’ ಎಂದವರಿಗೆ ಎರಡು ಅಂಕ ಕೊಡಿ. ತರಗತಿಯ ಬಾಗಿಲು ತೆರೆಯಿರಿ, ಬೀದಿಯ ಗದ್ದಲವೂ ಒಳಬಂದು ಒಂದಿಷ್ಟು ಪಾಠ ಮಾಡಲಿ. ಈ ಪತ್ರ ಅರ್ಥವಾಗದಿದ್ದರೆ ದಯವಿಟ್ಟು ‘ಹೂಂ’ ಎನ್ನಬೇಡಿ, ಇನ್ನೊಮ್ಮೆ ಕೇಳಿ. ನಾನು ಅಂಕ ಕಡಿತ ಮಾಡುವುದಿಲ್ಲ.

ಇಂತಿ,
ಮತ್ತೊಮ್ಮೆ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿರುವ,
ನಿಮ್ಮ ಪ್ರಥಮ ದರ್ಜೆಯ ವಿದ್ಯಾರ್ಥಿನಿಯ ಅಣ್ಣ