ರೇಡಿಯೇಟರಿನ ಮೇಲಿನ ಮಾಲೆ

೨ ನವೆಂಬರ್ ೧೯೨೧, ಬುಧವಾರ, ಬಾಗಲಕೋಟೆ

ದೇವರ ಮಾಲೆ ಬಿಚ್ಚಿದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ಹುನಗುಂದದಿಂದ ಬರುವಾಗ ಮೋಟಾರು ಏರಿನಲ್ಲಿ ಎರಡು ಸಲ ನೀರು ಕುದಿದು ನಿಂತಿತು. ಜೊತೆಗೆ ಬೋರವ್ವ ಮತ್ತು ಅವಳ ಮಗಳು; ಹುಡುಗಿಗೆ ಕಣ್ಣಿನ ಬೇನೆ. ಸಂಜೆಯ ರೈಲು ತಪ್ಪಿದರೆ ದವಾಖಾನೆ ಮತ್ತೊಂದು ದಿನ ದೂರ. ದಾರಿ ಸುಖವಾಗಲೆಂದು ಬೋರವ್ವ ಬೀರಪ್ಪ ದೇವರ ಹೆಸರಿನಲ್ಲಿ ಕಟ್ಟಿದ ದಪ್ಪ ಚೆಂಡುಹೂವಿನ ಮಾಲೆ ರೇಡಿಯೇಟರನ್ನೆಲ್ಲ ಮುಚ್ಚಿತ್ತು. ಗಾಳಿಯಿಲ್ಲದೆ ನೀರು ತಣಿಯುವುದು ಹೇಗೆ? ಮೋಟಾರು ಪತ್ರಿಕೆ ಓದುವ ನನಗೆ ಸಂಶಯವೇ ಇರಲಿಲ್ಲ.

"ಮಾಲಿ ತೆಗಿ, ಗೌಸಸಾಬ."

"ನಾ ಮುಟ್ಟಂಗಿಲ್ರಿ ಬಾಯಾರ," ಎಂದ ಡ್ರೈವರ್. "ಇಂಜಿನ್ ಸಿಟ್ಟಾದ್ರ ನೀರು ಹಾಕ್ತೇನಿ. ಬೀರಪ್ಪ ಸಿಟ್ಟಾದ್ರ ಏನ್ ಹಾಕ್ಲಿ?"

ನಾನೇ ಬಿಚ್ಚಿ ಬೋರವ್ವನ ಉಡಿಯಲ್ಲಿಟ್ಟೆ. ಮೋಟಾರು ಮತ್ತೆ ನಿಲ್ಲಲಿಲ್ಲ, ತಾಯಿ ಮಗಳಿಗೆ ರೈಲು ಸಿಕ್ಕಿತು. ನನ್ನ ಎಣಿಕೆ ಸರಿಯಾಗಿತ್ತು. ನಾಳೆ ಮತ್ತೆ ಹೀಗಾದರೂ ಹಾಗೆಯೇ ಮಾಡುವೆ. ಆದರೆ ಹರಕೆ ಅವಳದು. ಗೌಸಸಾಬನಿಗೆ ಹೇಳಿದೆ, ಪಕ್ಕದಲ್ಲೇ ಕೂತಿದ್ದ ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಅವಳೇ ತನ್ನ ಕೈಯಾರೆ ಬಿಚ್ಚುತ್ತಿದ್ದಳು.